ಹಿಮ್ಮಡಿ ಊರದ ಸೂಲಗಿತ್ತಿ

ಮಿಜ್ನಾ ಎಂಬ ಆ ಮುದುಕಿ ಹಿಮ್ಮಡಿಯನ್ನು ಪೂರ್ತಿ ನೆಲಕ್ಕೆ ಊರಿದ್ದನ್ನು ಈ ಊರಿನಲ್ಲಿ ಕಳೆದ ಇಪ್ಪತ್ತಮೂರು ವರ್ಷಗಳಲ್ಲಿ ನಾನು ಒಂದೇ ಒಂದು ಸಲ ನೋಡಿದ್ದೇನೆ. ಅದೊಂದನ್ನು ಬಿಟ್ಟರೆ, ತೊಂಬತ್ತು ಕಿಲೋ ತೂಗುವ, ಎರಡೂ ಮೊಣಕಾಲಿಗೆ ಸಂಧಿವಾತ ಹಿಡಿದ, ಎಪ್ಪತ್ತು ದಾಟಿದ ಆ ಸ್ಥೂಲದೇಹಿ, ಮರಳಿನ ಮೇಲಾಗಲಿ, ಟಾರು ರಸ್ತೆಯ ಮೇಲಾಗಲಿ, ನಮ್ಮ ಆರೋಗ್ಯಕೇಂದ್ರದ ನುಣುಪಾದ ಟೈಲ್ಸಿನ ಮೇಲಾಗಲಿ, ಪಾದದ ಮುಂಭಾಗವನ್ನಷ್ಟೇ ಊರಿ, ಹಿಮ್ಮಡಿಯನ್ನು ಎರಡು ಬೆರಳು ಎತ್ತರದಲ್ಲೇ ಉಳಿಸಿಕೊಂಡು, ಪಕ್ಕದ ಕೋಣೆಯಲ್ಲಿ ಈಗಷ್ಟೇ ಕೂಸೊಂದು ನಿದ್ದೆ ಹೋಗಿದೆಯೇನೋ ಎಂಬಂತೆ ಸದ್ದಿಲ್ಲದೆ ಸಾಗುತ್ತಾಳೆ. ಮೇಜಿನ ಮೇಲೆ ತಲೆ ಬಗ್ಗಿಸಿ ಏನೋ ಬರೆಯುತ್ತಿರುವಾಗ, ಲೋಬಾನ ಮತ್ತು ಮೆಂತ್ಯ ಬೆರೆತ ಆ ಪರಿಮಳ ಮೂಗಿಗೆ ತಾಗಿದ ಮೇಲಷ್ಟೇ ಆಕೆ ಬೆನ್ನ ಹಿಂದೆ ನಿಂತಿದ್ದಾಳೆಂದು ತಿಳಿದು, ಎಷ್ಟೋ ಸಲ ನಾನು ಬೆಚ್ಚಿಬಿದ್ದಿದ್ದೇನೆ.

ಐವತ್ತು ವರ್ಷ ಸೂಲಗಿತ್ತಿಯಾಗಿದ್ದವಳ ನಡಿಗೆ ಅದು. ಒಮಾನಿನ ಪೂರ್ವ ಕರಾವಳಿಯ ಈ ಖೋರ್ ಸಿದ್ರ ಎಂಬ ಮೀನುಗಾರರ ಊರಿನಲ್ಲಿ, ಮೂವತ್ತು ದಾಟಿದ ಯಾರನ್ನೇ ನಿಲ್ಲಿಸಿ ಕೇಳಿ, ಅವರನ್ನು ಮೊದಲು ಮುಟ್ಟಿದ ಕೈ ಮಿಜ್ನಾಳದೇ. ಆದ್ದರಿಂದ ಊರಿಗೆಲ್ಲ ಆಕೆ ‘ಹಬ್ಬೂ’, ಅಂದರೆ ಅಜ್ಜಿ. ಇಲ್ಲಿನ ಹೆಂಗಸರು ತೊಡುವ, ಕಣ್ಣೆರಡನ್ನು ಬಿಟ್ಟು ಮುಖದ ಮೇಲ್ಭಾಗವನ್ನೆಲ್ಲ ಮುಚ್ಚುವ ನೀಲಿ ಮುಖವಾಡದ ಬಣ್ಣ ಬೆವರಿಗೆ ಇಳಿದಿಳಿದು ಆಕೆಯ ಕೆನ್ನೆ, ಮೂಗು, ಮೇಲ್ತುಟಿ ಎಲ್ಲವೂ ಶಾಶ್ವತವಾಗಿ ನೀಲಿಯಾಗಿವೆ. ನಕ್ಕಾಗ ಕಾಣುವ ಒಂದೇ ಒಂದು ಚಿನ್ನದ ಹಲ್ಲು ಆ ನೀಲಿಯ ನಡುವೆ ಇನ್ನಷ್ಟು ಹೊಳೆಯುತ್ತದೆ, ಮತ್ತು ಆಕೆ ಬಹಳ ನಗುತ್ತಾಳೆ.

ನಾನು ಕುಂದಾಪುರದ ಕಡೆಯ ವಾರಿಜಾ. ಇಲ್ಲಿಯವರ ನಾಲಗೆಯಲ್ಲಿ ‘ಸಿಸ್ಟರ್ ವರ್ದಾ’. ಆರೋಗ್ಯಕೇಂದ್ರದಲ್ಲಿ ಹೆರಿಗೆ ಕೋಣೆ ತೆರೆದ ವಾರವೇ ಮಿಜ್ನಾ ನನ್ನನ್ನು ಪರೀಕ್ಷಿಸಲು ಬಂದಿದ್ದಳು. ಕುಶಲವನ್ನೂ ಕೇಳದೆ ನನ್ನ ಎರಡೂ ಅಂಗೈಗಳನ್ನು ಎಳೆದುಕೊಂಡು, ಬೆರಳುಗಳನ್ನು ಒಂದೊಂದಾಗಿ ಬಗ್ಗಿಸಿ ನೋಡಿದಳು.

“ಎಷ್ಟು ಹೆರಿಗೆ ಮಾಡ್ಸಿದ್ದೀಯ?”

“ಇನ್ನೂರರ ಹತ್ತಿರ ಆಗಿರಬಹುದಮ್ಮ.”

“ಅದರಲ್ಲಿ ಎಷ್ಟು ಕೂಸು ತಿರುಗ್ಸಿದ್ದೀಯ?”

“ತಿರುಗಿಸೋದು ಡಾಕ್ಟರ ಕೆಲಸ.”

“ಹಾಗಾದ್ರೆ ನೀನು ಬರೀ ಹಿಡ್ಕೊಳ್ಳೋಳು,” ಎಂದು ಕೈ ಬಿಟ್ಟಳು. ಇಪ್ಪತ್ತಮೂರು ವರ್ಷ ಕಳೆದರೂ, ಕೋಪ ಬಂದಾಗ ನಾನು ಆಕೆಗೆ ಇವತ್ತಿಗೂ ‘ಹಿಡ್ಕೊಳ್ಳೋಳು’.

ಗರ್ಭದಲ್ಲಿ ತಲೆ ಮೇಲೆ ಮಾಡಿ ಕುಳಿತ ಕೂಸನ್ನು, ಬೆಚ್ಚಗಿನ ಎಳ್ಳೆಣ್ಣೆ ಸವರಿದ ಎರಡು ಅಂಗೈಗಳಿಂದ, ಆತುರವಿಲ್ಲದೆ, ಅದರೊಡನೆ ಮಾತಾಡುತ್ತ, ತಲೆ ಕೆಳಗಾಗುವಂತೆ ತಿರುಗಿಸುವುದು ಆಕೆಯ ಪರಮವಿದ್ಯೆ. ತಲೆ ಕೆಳಗಿದ್ದ ಕೂಸು ಆಕೆಯ ಭಾಷೆಯಲ್ಲಿ ‘ನೇರ’, ಮೇಲಿದ್ದರೆ ‘ಹಟಮಾರಿ’. ಊರಿನಲ್ಲಿ ಆಕೆ ತಿರುಗಿಸಿದ ಹಟಮಾರಿಗಳು ನಲವತ್ತಕ್ಕೂ ಹೆಚ್ಚು. ಈ ಕರಾವಳಿಯ ವನ್ಯಜೀವಿ ಕಾವಲಿನ ಅಧಿಕಾರಿ ಮುಹನ್ನಾ ಅವರಲ್ಲೊಬ್ಬ. ಅವನು ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಗಂಭೀರವಾಗಿ ಏನಾದರೂ ಹೇಳಲು ಹೊರಟರೆ ಸಾಕು, ಮಿಜ್ನಾ ನಾಲ್ಕು ಜನರೆದುರೇ, “ನಿಂದು ತಲೆ ಮೇಲಿತ್ತು ಕಣೋ. ನಾನು ತಿರುಗಿಸದೆ ಹೋಗಿದ್ರೆ ಆ ಟೋಪೀನ ಇವತ್ತು ಎಲ್ಲಿಗೆ ಹಾಕ್ಕೊಳ್ತಿದ್ದೆ?” ಎನ್ನುತ್ತಿದ್ದಳು. ಮುಹನ್ನಾ ಕೆಂಪಾಗಿ ಟೋಪಿ ತೆಗೆದು ಕಂಕುಳಿಗೆ ಸೇರಿಸುತ್ತಿದ್ದ.

ಆಕೆಯ ಇನ್ನೊಂದು ಚಾಳಿ, ಎಲ್ಲದಕ್ಕೂ ಒಂದೇ ಪ್ರಶ್ನೆ ಕೇಳುವುದು: “ನೋವು ಶುರುವಾಯ್ತಾ?” ಒಲೆಯ ಮೇಲೆ ಕಾಫಿಪಾತ್ರೆ ಗುಂಯ್‌ಗುಟ್ಟಿದರೂ ಅದೇ ಪ್ರಶ್ನೆ, ದೋಣಿಯ ಎಂಜಿನ್ ಕೆಮ್ಮಿದರೂ ಅದೇ, ಮೋಡ ಕಟ್ಟಿದರೂ ಅದೇ. ಒಮ್ಮೆ ಮಸೀದಿಯ ಧ್ವನಿವರ್ಧಕ ಕೆಟ್ಟು ಗೊರಗೊರ ಎಂದಾಗಲೂ ಇದನ್ನೇ ಕೇಳಿ, ವೃದ್ಧ ಇಮಾಮರೂ ಗಡ್ಡದೊಳಗೆ ನಗುವಂತೆ ಮಾಡಿದ್ದಳು. ಲೋಕವೆಂದರೆ ಆಕೆಯ ಪಾಲಿಗೆ ಯಾವುದಾದರೊಂದು ಹೆರಿಗೆಯ ಹಿಂದಿನ ಗಳಿಗೆ. ಏನೋ ಒಂದು ಹೊರಬರಲಿದೆ, ಬಿಸಿನೀರು ಸಿದ್ಧವಿರಲಿ, ಅಷ್ಟೇ.

ನಮ್ಮಿಬ್ಬರ ನಡುವೆ ಒಂದು ಶಾಶ್ವತ ಜಗಳವಿತ್ತು, ಕಾಡಿಗೆಯದ್ದು. ಹುಟ್ಟಿದ ಕೂಸಿನ ಕಣ್ಣಿಗೆ ಈ ಊರಿನವರು ಕಪ್ಪು ಹಚ್ಚುತ್ತಾರೆ. ಅದರಲ್ಲಿ ಸೀಸವಿರುತ್ತದೆ, ಕೂಡದು ಎಂದು ನಾನು ಸಿಕ್ಕಿದ ಕಾಡಿಗೆಯ ಡಬ್ಬಿಗಳನ್ನೆಲ್ಲ ಕಿತ್ತುಕೊಂಡು ಕಪಾಟಿಗೆ ಹಾಕಿ ಬೀಗ ಜಡಿಯುತ್ತಿದ್ದೆ. ಮಿಜ್ನಾಳಿಂದಲೇ ಹನ್ನೊಂದು ವಶಪಡಿಸಿಕೊಂಡಿದ್ದೇನೆ. ಹನ್ನೆರಡನೆಯದು ಆಕೆಯ ಕೋಟಿನ ಜೇಬಿನಲ್ಲಿ ಸದಾ ಇರುತ್ತಿತ್ತೆಂದು ನನಗೂ ಗೊತ್ತಿತ್ತು, ನನಗೆ ಗೊತ್ತಿದೆಯೆಂದು ಆಕೆಗೂ ಗೊತ್ತಿತ್ತು. ಆ ಬಿಳಿ ಕೋಟು, ಬಹಳ ಹಿಂದೆ ಯಾರೋ ತರಬೇತಿಗೆಂದು ಬಂದವರು ಹಳ್ಳಿಯ ಸೂಲಗಿತ್ತಿಯರಿಗೆ ಹಂಚಿದ್ದು. ಕಿತ್ತಳೆ, ಕೆಂಪು, ಗಿಳಿಹಸಿರು ಬಣ್ಣದ ತನ್ನ ಉಡುಪಿನ ಮೇಲೆ, ಗುಂಡಿ ಕೂಡದ ಆ ಕೋಟನ್ನು ಆಕೆ ಕೆಲಸದ ಹೊತ್ತಿನಲ್ಲಿ ಮಾತ್ರ ತೊಡುತ್ತಿದ್ದಳು.

ಆದರೆ ಕೆಲಸವೆಲ್ಲಿತ್ತು? ಹೆರಿಗೆಗಳೆಲ್ಲ ನನ್ನ ಕೋಣೆಗೆ ಬರತೊಡಗಿದ ಮೇಲೆ, ಹತ್ತು ವರ್ಷಗಳಲ್ಲಿ ಆಕೆಯ ಬಾಗಿಲು ತಟ್ಟುವವರೇ ಇಲ್ಲವಾದರು. ಆ ಕಸುಬನ್ನು ಕಸಿದವಳು ನಾನೇ ಎಂಬ ಅಳುಕು ನನ್ನಲ್ಲಿ ಸದಾ ಇತ್ತು. ಕೋಟು ಗೋಡೆಯ ಮೊಳೆಗೆ ನೇತಾಡಿತು, ಮೈ ಭಾರವಾಯಿತು, ಮೊಣಕಾಲು ಹಿಡಿದುಕೊಂಡಿತು. “ಬೆಳಗ್ಗೆ ಎದ್ದು ಮರಳಲ್ಲಿ ನಡೀಬೇಕು ಹಬ್ಬೂ” ಎಂದು ಹೇಳಿದವಳೂ ನಾನೇ. ನಾನು ಕೊಟ್ಟ ಔಷಧಿಗಳಲ್ಲೆಲ್ಲ ಅಷ್ಟು ದೂರ ಕೆಲಸ ಮಾಡಿದ್ದು ಇನ್ನೊಂದಿಲ್ಲ.

ಹಾಗೆ ನಡೆಯಹೋದ ಮೂರನೆಯ ಮುಂಜಾವಿನಲ್ಲಿ, ತಡಮಾಡಿಕೊಂಡ ಕಡಲಾಮೆಯೊಂದು ತನ್ನ ಗುಂಡಿಯನ್ನು ಹಿಂಗಾಲಿನಿಂದ ಮುಚ್ಚುತ್ತಿದ್ದುದನ್ನು ಆಕೆ ಕಂಡಳು. ಕಣ್ಣಿಂದ ನೀರು ಸುರಿಸುತ್ತ, ನಡುನಡುವೆ ದೀರ್ಘವಾಗಿ ನಿಟ್ಟುಸಿರಿಡುತ್ತ, ಮರಳನ್ನು ತಟ್ಟಿ ತಟ್ಟಿ ಸಮಮಾಡಿ, ಹಿಂದಿರುಗಿಯೂ ನೋಡದೆ ಅದು ನೀರಿಗಿಳಿಯಿತು. ಆಮೆಗಳು ಈ ಊರಿಗೆ ಹೊಸತಲ್ಲ; ಮೊಟ್ಟೆ ತಿನ್ನುವವರೂ ಇದ್ದರು, ಕಂಡೂ ಕಾಣದಂತೆ ಹೋಗುವವರೂ ಇದ್ದರು. ಆದರೆ ಮಿಜ್ನಾ ಅಲ್ಲಿಯೇ ಕುಳಿತುಬಿಟ್ಟಳು. ಅಷ್ಟರಲ್ಲಿ ದೋಣಿಗಳ ಒಡೆಯ ಖಲ್ಫಾನನ ಪಿಕಪ್ ಎಂದಿನಂತೆ ದಡದುದ್ದಕ್ಕೂ ಧೂಳೆಬ್ಬಿಸುತ್ತ ಬಂತು. ಆಕೆ ಎದ್ದು ಎರಡೂ ಕೈ ಚಾಚಿ ಅಡ್ಡ ನಿಂತಳು.

“ಗಾಡಿ ತಿರುಗ್ಸು. ಬಾಣಂತಿ ಮಲಗಿದ್ದಾಳೆ.”

“ಯಾವ ಬಾಣಂತಿ ಹಬ್ಬೂ? ಇಲ್ಲಿ ಯಾರ ಮನೆ ಇದೆ?”

“ತಾಯಿ ಹೋದ್ಲು. ಬಾಣಂತನ ಈಗ ಈ ಮರಳಿಗೆ. ನಿನ್ನಮ್ಮ ನಿನ್ನ ಹೆತ್ತು ಮಲಗಿದಾಗ ಅವಳ ಹೊಟ್ಟೆ ಮೇಲೆ ಯಾರಾದ್ರೂ ಗಾಡಿ ಓಡಿಸಿದ್ರಾ?”

ಖಲ್ಫಾನ್ ತಲೆ ಚಚ್ಚಿಕೊಂಡು ಗಾಡಿ ತಿರುಗಿಸಿದ. ಆವತ್ತು ಮಧ್ಯಾಹ್ನ ಮಿಜ್ನಾ ಮೊಳೆಯಿಂದ ಕೋಟು ಇಳಿಸಿದಳು.

ಮುಹನ್ನಾ ಮೂರು ವರ್ಷಗಳಿಂದ ದಡದಲ್ಲಿ ಫಲಕ ನೆಡುತ್ತಿದ್ದ. ವಾಹನ ನಿಷೇಧ, ದೀಪ ನಿಷೇಧ, ಗೂಡು ಮುಟ್ಟುವುದು ನಿಷೇಧ ಎಂದು ಅಚ್ಚುಕಟ್ಟಾಗಿ ಬರೆದ ಆ ಫಲಕಗಳಿಗೆ ಊರಿನ ಆಡುಗಳು ಬೆನ್ನುಜ್ಜುತ್ತಿದ್ದವು, ಅಷ್ಟೇ. ಮಿಜ್ನಾ ಒಂದು ಪದದಿಂದ ಅದನ್ನೆಲ್ಲ ಸಾಧಿಸಿದಳು. ಬಾಣಂತಿ ಇರುವ ಮನೆಯ ಮುಂದೆ ಕೂಗಾಡಬಾರದು, ಕಣ್ಣಿಗೆ ಬೆಳಕು ಹೊಡೆಯಬಾರದು, ಹೇಳದೆ ಒಳನುಗ್ಗಬಾರದು ಎಂಬುದನ್ನು ಈ ಊರಿನಲ್ಲಿ ಯಾರಿಗೂ ಕಲಿಸಬೇಕಾಗಿಲ್ಲ. ಇಲ್ಲಿ ಬಾಣಂತಿ ಹಸಿರು ಹೊದೆಯುತ್ತಾಳೆ. ಆದ್ದರಿಂದ ಗೂಡು ಕಂಡಲ್ಲೆಲ್ಲ ಖರ್ಜೂರದ ಗರಿಯ ಕಡ್ಡಿ ಊರಿ ಹಸಿರು ಬಟ್ಟೆಯ ಚೂರು ಕಟ್ಟಲಾಯಿತು. ಬೆಳಗಿನ ಪ್ರಾರ್ಥನೆ ಮುಗಿಸಿದ ಹೆಂಗಸರು ಸರದಿಯ ಮೇಲೆ ದಡ ಸುತ್ತಿ, ನರಿಯ ಹೆಜ್ಜೆ, ನಾಯಿಯ ಹೆಜ್ಜೆ, ಗಂಡಸರ ಹೆಜ್ಜೆ ಮೂರನ್ನೂ ಒಂದೇ ಅನುಮಾನದಿಂದ ನೋಡಿ, ಆಮೇಲೆ ಹಸಿರು ಕಡ್ಡಿಗಳ ನಡುವೆ ಕಾಫಿ, ಖರ್ಜೂರ, ಜೇನು ಸವರಿದ ತೆಳು ರೊಟ್ಟಿ ಹರಡಿಕೊಂಡು ಕೂರುತ್ತಿದ್ದರು. ಬಾಣಂತಿಯನ್ನು ನೋಡಹೋದವರು ಬಾಯಿ ಸಿಹಿ ಮಾಡದೆ ಎದ್ದು ಬರುವುದುಂಟೇ? “ನಮಗೆ ನಲವತ್ತು ದಿನ, ಇವಕ್ಕೆ ಅರವತ್ತು,” ಎಂದು ಮಿಜ್ನಾ ತೀರ್ಪು ಕೊಟ್ಟಿದ್ದಳು, “ಮಕ್ಕಳು ಜಾಸ್ತಿ ಅಲ್ವಾ?”

ಖಲ್ಫಾನನ ಮಗಳ ಮದುವೆಯ ಪ್ರಸಂಗವನ್ನು ಹೇಳದಿದ್ದರೆ ಈ ಚಿತ್ರ ಅರ್ಧವಾದೀತು. ದಡದಲ್ಲೇ ಡೇರೆ ಹಾಕಿ, ಜನರೇಟರ್ ತರಿಸಿ, ಹಗಲೇ ನಾಚುವಂಥ ದೀಪಗಳನ್ನು ಕಟ್ಟಿಸುತ್ತೇನೆಂದು ಅವನು ಸಾರಿದ್ದ. ದೀಪ ಕಂಡರೆ ಮರಿಗಳು ಕಡಲು ಬಿಟ್ಟು ಅತ್ತಲೇ ಹರಿಯುತ್ತವೆಂದು ಮುಹನ್ನಾ ಎರಡು ಸಲ ಹೋಗಿ ವಿವರಿಸಿ, ಎರಡು ಸಲವೂ ಹೊಟ್ಟೆ ತುಂಬ ಉಂಡು, ಬರಿಗೈಯಲ್ಲಿ ಬಂದಿದ್ದ. ಮಿಜ್ನಾ ಖಲ್ಫಾನನ ಬಳಿ ಹೋಗಲೇ ಇಲ್ಲ. ಹಿತ್ತಿಲ ಬಾಗಿಲಿನಿಂದ ಅವನ ಹೆಂಡತಿಯ ಬಳಿ ಹೋದಳು. ಈ ಊರಿನಲ್ಲಿ ಮದುಮಗಳು ಬಾಣಂತಿಯ ಎದುರು ಬರುವಂತಿಲ್ಲ, ಬಂದರೆ ಮಡಿಲು ತುಂಬುವುದು ತಡವಾಗುತ್ತದೆ ಎಂಬ ನಂಬಿಕೆಯಿದೆ.

“ಮಗಳನ್ನ ದಡಕ್ಕೆ ಕರ್ಕೊಂಡು ಬರ್ತೀಯಂತೆ. ಅಲ್ಲಿ ಒಬ್ಬಳಲ್ಲಮ್ಮ, ಹದಿನೇಳು ಬಾಣಂತಿಯರು ಮಲಗಿದ್ದಾರೆ,” ಎಂದಳಂತೆ.

ಸಂಜೆಯೊಳಗೆ ಡೇರೆ, ಜನರೇಟರ್, ದೀಪದ ಸರ ಎಲ್ಲವೂ ಗುಡ್ಡದ ಆಚೆಗೆ ಸಾಗಿದವು. ಇದಕ್ಕೆ ವೈದ್ಯಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲವೆಂದು ಹೇಳಬೇಕಾಗಿದ್ದ ನಾನು, ಮದುವೆಯ ಹಲ್ವ ಬಾಯಲ್ಲಿ ತುಂಬಿಕೊಂಡಿದ್ದೆನಾದ್ದರಿಂದ ಸುಮ್ಮನಿದ್ದೆ.

ಇಷ್ಟು ಗೆದ್ದವಳು ಸೋತದ್ದು ಒಂದೇ ಒಂದು ಪದದಿಂದ. ಆ ಮುಂದಿನ ವರ್ಷ, ಅಲೆಯ ಅಂಚಿಗೆ ತೀರ ಹತ್ತಿರದಲ್ಲಿ ಒಂದು ಗೂಡು ಸಿಕ್ಕಿತು. ಉಬ್ಬರಕ್ಕೆ ಕೊಳೆತುಹೋಗುತ್ತದೆ, ಮೇಲಕ್ಕೆ ಸಾಗಿಸಬೇಕು. ಬೇರೊಂದು ದಡಕ್ಕೆ ಹೊರಟಿದ್ದ ಮುಹನ್ನಾ ಗಾಡಿಯ ಕಿಟಕಿಯಿಂದಲೇ, “ನೀನೇ ಸಾಗಿಸು ಹಬ್ಬೂ, ನಿನ್ನ ಕೈಗಿಂತ ಒಳ್ಳೆ ಕೈ ಎಲ್ಲಿದೆ? ಮೊಟ್ಟೆ ಮಾತ್ರ ನೇರ ಇರ್ಬೇಕು,” ಎಂದು ಹೇಳಿ ಹೋದ. ಅವನ ಅರ್ಥದಲ್ಲಿ ನೇರವೆಂದರೆ, ಹೇಗಿದೆಯೋ ಹಾಗೆಯೇ. ಮಿಜ್ನಾಳ ಅರ್ಥದಲ್ಲಿ ನೇರವೆಂದರೆ ಏನೆಂದು ಮೇಲೆಯೇ ಹೇಳಿದ್ದೇನೆ. ಗೂಡಿಗೆ ನಾಲ್ಕು ದಿನವಾಗಿತ್ತು. ಪ್ರತಿ ಮೊಟ್ಟೆಯ ನೆತ್ತಿಯ ಮೇಲೂ ಒಂದೊಂದು ಬಿಳಿ ಚುಕ್ಕೆ ಮೂಡಿತ್ತು. ಅದು ತಲೆಯೆಂದು ಆಕೆ ಬಗೆದಳು. ನೂರಾಹನ್ನೆರಡು ಕೂಸುಗಳು, ಎಲ್ಲವೂ ತಲೆ ಮೇಲೆ ಮಾಡಿ ಕುಳಿತಿವೆ, ನೂರಾಹನ್ನೆರಡು ಹಟಮಾರಿಗಳು! ತನ್ನ ಬದುಕಿನ ಅತಿ ದೊಡ್ಡ ಹೆರಿಗೆ ಇದೆಂದು ಹಿಗ್ಗಿ, ಒಂದೊಂದನ್ನೂ ಬಿಸಿನೀರಿನ ಹತ್ತಿಯಿಂದ ಒರೆಸಿ, ಸಮಾಧಾನದ ಮಾತಾಡಿ, ಚುಕ್ಕೆ ಕೆಳಗಾಗುವಂತೆ ತಿರುಗಿಸಿ ಹೊಸ ಗುಂಡಿಯಲ್ಲಿಟ್ಟಳು. ಆ ಸಂಜೆ ಆರೋಗ್ಯಕೇಂದ್ರಕ್ಕೆ ಬಂದು, “ಇವತ್ತು ಒಂದೇ ದಿನ ನೂರಾಹನ್ನೆರಡು ತಿರುಗಿಸಿದೆ ಕಣೇ ಹಿಡ್ಕೊಳ್ಳೋಳೇ,” ಎಂದು ಆಕೆ ನಕ್ಕಾಗ ನಾನೂ ಜೊತೆಗೆ ನಕ್ಕೆ. ನನಗೂ ಗೊತ್ತಿರಲಿಲ್ಲ.

ಅರವತ್ತು ದಿನವಾಯಿತು, ಎಪ್ಪತ್ತಾಯಿತು. “ಏನು ಹಬ್ಬೂ, ಆಮ್ಲೆಟ್ ಆಯ್ತಾ?” ಎಂದು ಖಲ್ಫಾನ್ ಚೇಷ್ಟೆ ಮಾಡಿದ. ಎಂಬತ್ತನೆಯ ದಿನ ಮುಹನ್ನಾ ಆಕೆಯ ಎದುರೇ ಗೂಡು ಬಗೆದ. ಒಂದೂ ಒಡೆದಿರಲಿಲ್ಲ. ಚುಕ್ಕೆಗಳೆಲ್ಲ ಕೆಳಗಿರುವುದನ್ನು ಕಂಡು ಅವನು ಕೇಳಿದ, ಆಕೆ ಹೇಳಿದಳು. ಅವನು ಮೊಟ್ಟೆಯೊಂದನ್ನು ಅಂಗೈಯಲ್ಲಿಟ್ಟು ತೋರಿಸುತ್ತ, “ಇವು ನಮ್ಮ ಹಾಗಲ್ಲ ಹಬ್ಬೂ. ಇವುಗಳ ಜೀವ ಮೇಲ್ಗಡೆಗೇ ಅಂಟ್ಕೊಂಡಿರುತ್ತೆ. ತಿರುಗಿಸಿದ್ರೆ ಉಸಿರು ಕಟ್ಟುತ್ತೆ. ತಪ್ಪು ನಂದು, ಬಿಡಿಸಿ ಹೇಳಬೇಕಿತ್ತು,” ಎಂದ.

ಆಕೆ ಅಳಲಿಲ್ಲ. ಕೋಟು ಬಿಚ್ಚಿ, ಮಡಚಿ, ಅವನ ಕೈಗಿತ್ತು, ಹಿಮ್ಮಡಿ ಎತ್ತಿಕೊಂಡೇ ಮನೆಗೆ ಹೋದಳು. ಆಮೇಲೆ ದಡದ ಕಡೆ ಬರಲೇ ಇಲ್ಲ. ನಾನು ಗುಳಿಗೆ ಕೊಡುವ ನೆಪದಲ್ಲಿ ಹೋದಾಗಲೆಲ್ಲ ಗೋಡೆಗೊರಗಿ, ಎರಡೂ ಕೈಗಳನ್ನು ಶಾಲಿನೊಳಗೆ ಮುಚ್ಚಿಟ್ಟುಕೊಂಡು ಕುಳಿತಿರುತ್ತಿದ್ದಳು. ಒಲೆಯ ಮೇಲೆ ಕಾಫಿ ಗುಂಯ್‌ಗುಟ್ಟಿ ಉಕ್ಕಿ ಚೆಲ್ಲಿದರೂ ಆ ಪ್ರಶ್ನೆ ಬರುತ್ತಿರಲಿಲ್ಲ. ಹೆಂಗಸರ ಸರದಿ ಒಂದೊಂದೇ ದಿನ ತಪ್ಪತೊಡಗಿತು, ಹಸಿರು ಬಟ್ಟೆಗಳು ಬಿಸಿಲಿಗೆ ಬಿಳಿಚಿದವು, ಮರಳಿನ ಮೇಲೆ ಚಕ್ರದ ಗುರುತುಗಳು ಮತ್ತೆ ಕಾಣಿಸಿಕೊಂಡವು. ಆಕೆಯ ನಗುವಿಲ್ಲದ ಆ ಒಂದು ವರ್ಷ ನನಗೆ ಈ ಊರೇ ಬೇಡವೆನಿಸಿತ್ತು.

ಮರುವರ್ಷ ಅಕ್ಟೋಬರಿನಲ್ಲಿ ಚಂಡಮಾರುತದ ಮುನ್ಸೂಚನೆ ಬಂತು. ಆ ಹಂಗಾಮಿನ ಗೂಡುಗಳೆಲ್ಲ ಎತ್ತರದಲ್ಲಿದ್ದವು, ಒಂದನ್ನು ಬಿಟ್ಟು. ಹನ್ನೆರಡು ದಿನದ ಆ ಗೂಡು ಅಲೆಯಿಂದ ಹತ್ತು ಮಾರು ದೂರದಲ್ಲಿತ್ತು. ಪಟ್ಟಣಕ್ಕೆ ಹೋಗಿದ್ದ ಮುಹನ್ನಾ ಹಿಂದಿರುಗುವಷ್ಟರಲ್ಲಿ ಹಳ್ಳ ತುಂಬಿ ರಸ್ತೆ ಕಡಿದಿತ್ತು. ಬೆಳಗ್ಗೆ ಎಂಟಕ್ಕೆ ನನಗೆ ಫೋನ್ ಮಾಡಿದ. “ಸಿಸ್ಟರ್, ಹನ್ನೆರಡು ದಿನದ ಮೊಟ್ಟೆ, ಕೂದಲೆಳೆಯಷ್ಟು ತಿರುಗಿದ್ರೂ ಹೋಯ್ತು. ನಡುಗದ ಕೈ ಬೇಕು. ಊರಲ್ಲಿ ಅಂಥದ್ದು ಒಂದೇ ಜೊತೆ ಇದೆ.”

ನಾನು ಹೋದಾಗ ಮಿಜ್ನಾ ಮುಖ ತಿರುಗಿಸಿದಳು.

“ಈ ಕೈ ನೂರಾಹನ್ನೆರಡು ಕೊಂದಿದೆ. ಬೇರೆ ಯಾರನ್ನಾದ್ರೂ ಕರಿ.”

“ತಪ್ಪೇ ಮಾಡದ ಕೈ ಬೇಕು ಅಂದ್ರೆ, ನಾನು ನಾಳೆಯಿಂದ ಕೇಂದ್ರಕ್ಕೆ ಬೀಗ ಹಾಕಬೇಕಾಗುತ್ತೆ ಹಬ್ಬೂ. ನನ್ನ ಕೈಯಲ್ಲಿ ಹೋದವು ನಿನಗೆ ಗೊತ್ತಿಲ್ವಾ?”

ಆಕೆಗೆ ಗೊತ್ತಿತ್ತು. ಅಂಥ ಒಂದು ಕೂಸನ್ನು ಆಕೆಯೇ ಮೀಯಿಸಿ ಬಟ್ಟೆ ಸುತ್ತಿ ಕೊಟ್ಟಿದ್ದಳು. ಹೊರಗೆ ಗಾಳಿ ತಗಡಿನ ಬಾಗಿಲನ್ನು ಬಡಿಯತೊಡಗಿತು. ಒಂದು ವರ್ಷದಿಂದ ಬಾಯಿಗೆ ಬಾರದಿದ್ದ ಆ ಮಾತು ಆಗ ಬಂತು.

“ಕಡಲಿಗೆ ನೋವು ಶುರುವಾಯ್ತಾ, ಮಗಳೇ?”

“ಶುರುವಾಗಿದೆ ಹಬ್ಬೂ.”

“ಹಾಗಾದ್ರೆ ಬಿಸಿನೀರು ಬೇಡ. ನಡಿ,” ಎಂದು ಎದ್ದಳು. ಕೋಟನ್ನು ಮುಹನ್ನಾ ನನ್ನ ಬಳಿಯೇ ಬಿಟ್ಟಿದ್ದ, ದಾರಿಯಲ್ಲಿ ತೊಡಿಸಿದೆ.

ದಡದಲ್ಲಿ ತುಂತುರು ಹಿಡಿದಿತ್ತು. ನಾನು ಫೋನನ್ನು ಆಕೆಯ ಕಿವಿಗೆ ಹಿಡಿದುಕೊಂಡೆ. “ಬಿಳಿ ಭಾಗ ಮೇಲೇ ಇರ್ಬೇಕು ಹಬ್ಬೂ. ಮೇಲೆ ಅಂದ್ರೆ ಆಕಾಶದ ಕಡೆ,” ಎಂದು ಮುಹನ್ನಾ ಕಿರುಚುತ್ತಿದ್ದ.

“ಆಕಾಶ ಯಾವ ಕಡೆ ಇದೆ ಅಂತ ನನಗೂ ಗೊತ್ತು ಕಣೋ. ಮುಂದೆ ಹೇಳು.”

“ಎತ್ತೋ ಮುಂಚೆ ಪ್ರತಿಯೊಂದರ ನೆತ್ತಿ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಆಮೇಲೆ ಗುರುತು ಯಾವಾಗ್ಲೂ ಮೇಲೆ.”

ಒದ್ದೆ ಸಿಪ್ಪೆಯ ಮೇಲೆ ಪೆನ್ಸಿಲ್ ಹಿಡಿಯಲಿಲ್ಲ. ನನ್ನ ಪೆನ್ನೂ ಜಾರಿತು. ಆಮೇಲೆ ನನ್ನ ಕಣ್ಣು ಆಕೆಯ ಕೋಟಿನ ಜೇಬಿಗೆ ಹೋಯಿತು.

“ತೆಗಿ,” ಎಂದೆ.

“ಏನು?”

“ಹನ್ನೆರಡನೇ ಡಬ್ಬಿ.”

ನೀಲಿ ಕೆನ್ನೆ ಅರಳಿತು. ಒಂದು ವರ್ಷದಿಂದ ನಾನು ಕಂಡಿರದ ಚಿನ್ನದ ಹಲ್ಲು ಮಳೆಯಲ್ಲಿ ಹೊಳೆಯಿತು. “ಸೀಸ ಇರುತ್ತಲ್ಲೇ ಅದರಲ್ಲಿ?”

“ಇವುಗಳ ಕಣ್ಣು ಒಳಗಿದೆ. ಹಚ್ಚು!”

ಎಣ್ಣೆಯಲ್ಲಿ ಕಲಸಿದ ಕಾಡಿಗೆ ಒದ್ದೆ ಸಿಪ್ಪೆಯನ್ನು ಕಚ್ಚಿ ಹಿಡಿಯಿತು. ಮಂಡಿಯೂರಿ, ಹೆಬ್ಬೆರಳನ್ನು ಡಬ್ಬಿಗೆ ಅದ್ದಿ, ಒಂದೊಂದು ಮೊಟ್ಟೆಯ ನೆತ್ತಿಗೂ ಮೆತ್ತಗೆ ಒತ್ತಿ, ಎರಡು ಬೆರಳಲ್ಲಿ ಎತ್ತಿ, ಮರಳು ತುಂಬಿದ ಬಕೆಟ್ಟಿಗೆ ಇಳಿಸುತ್ತಿದ್ದ ಆ ಕೈಗಳು ಒಂದು ಸಲವೂ ಅತ್ತಿತ್ತ ಹೊರಳಲಿಲ್ಲ. ನಮ್ಮೂರಿನಲ್ಲಿ ತೊಟ್ಟಿಲ ಕೂಸಿಗೆ ಇಡುವ ದೃಷ್ಟಿಬೊಟ್ಟು ನೆನಪಾಗಿ, ಅಲ್ಲಿಯೇ, ಆ ಮಳೆಯಲ್ಲಿ, ನನ್ನ ಕಣ್ಣು ತುಂಬಿತು. ಒಟ್ಟು ನೂರಾನಾಲ್ಕು ಬೊಟ್ಟುಗಳು.

ಸಾಗಿಸಲು ಖಲ್ಫಾನನ ಪಿಕಪ್ಪೇ ಬಂತು. ಒಬ್ಬರ ಮೇಲೊಬ್ಬರು ಬೀಳುವಂತೆ ಗಾಡಿ ಓಡಿಸುವ ಆ ಮನುಷ್ಯ, ಬಕೆಟ್ಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ಮಿಜ್ನಾಳನ್ನು ಓರೆಗಣ್ಣಿನಿಂದ ನೋಡುತ್ತ, ಕಾಲ್ನಡಿಗೆಯವರೂ ನಮ್ಮನ್ನು ಹಿಂದೆ ಹಾಕುವಷ್ಟು ನಿಧಾನವಾಗಿ ನಡೆಸಿದ. ಹಿಂದಿನಿಂದ ಯಾರೋ ಹಾರ್ನ್ ಬಾರಿಸಿದಾಗ ಕಿಟಕಿಯಿಂದ ತಲೆ ಹೊರಹಾಕಿ, “ಬಾಯ್ಮುಚ್ಚು! ಗಾಡಿಯೊಳಗೆ ಬಾಣಂತಿ ಇದ್ದಾಳೆ!” ಎಂದು ಗುಡುಗಿದ. ಅವನ ದೋಣಿಮನೆಯ ಹಿಂದಿನ ದಿಬ್ಬದಲ್ಲಿ, ಮೊಳಕೈವರೆಗೆ ತೋಡಿದ ಹೊಸ ಗುಂಡಿಯಲ್ಲಿ, ಬೊಟ್ಟುಗಳೆಲ್ಲ ಆಕಾಶ ನೋಡುವಂತೆ ಮಿಜ್ನಾ ಅವನ್ನು ಮಲಗಿಸಿದಳು. ಮಧ್ಯಾಹ್ನಕ್ಕೆ ಹಳೆಯ ಜಾಗದ ಮೇಲೆ ಕಡಲು ಬಂತು.

ಆಮೇಲಿನದು ಕಾಯುವ ಕೆಲಸ. ಆಕೆ ದಿನವೂ ಬಂದು, ಗೂಡಿನಿಂದ ಮೂರು ಮಾರು ದೂರದಲ್ಲಿ ಕುಳಿತು, ಏನನ್ನೂ ಮುಟ್ಟದೆ, ಯಾರನ್ನೂ ಮಾತಾಡಗೊಡದೆ ಸಂಜೆ ಎದ್ದು ಹೋಗುತ್ತಿದ್ದಳು. ಆಕೆ ಬಂದಳೆಂದು ಹೆಂಗಸರ ಸರದಿಯೂ ಬಂತು, ಹೊಸ ಹಸಿರು ಬಟ್ಟೆಯೂ ಬಂತು. ಮೊಟ್ಟೆಯಿಟ್ಟ ಅರವತ್ತನೆಯ ದಿನ ಏನೂ ಆಗಲಿಲ್ಲ. ಅರವತ್ತೈದನೆಯ ದಿನವೂ ಇಲ್ಲ. ಚಳಿಗೆ ತಡವಾಗುತ್ತದೆಂದು ಮುಹನ್ನಾ ಎಷ್ಟು ಹೇಳಿದರೂ ಆಕೆಯ ಕೈಗಳು ಮತ್ತೆ ಶಾಲಿನೊಳಗೆ ಸರಿಯತೊಡಗಿದ್ದವು. ಖಲ್ಫಾನ್ ಈ ಸಲ ಆಮ್ಲೆಟ್ಟಿನ ಮಾತೆತ್ತಲಿಲ್ಲ. ದಿನವೂ ಒಂದು ಫ್ಲಾಸ್ಕ್ ಕಾಫಿಯನ್ನು ಆಕೆಯ ಪಕ್ಕದಲ್ಲಿಟ್ಟು ಹೋಗುತ್ತಿದ್ದ. ಇದೂ ಹೋದರೆ ಆಕೆ ಮತ್ತೆ ಆ ಗೋಡೆಯ ಬುಡದಿಂದ ಏಳಲಾರಳೆಂದು ನನಗೆ ಗೊತ್ತಿತ್ತು.

ಅರವತ್ತೆಂಟನೆಯ ದಿನ ಬೆಳಗ್ಗೆ, ಮೋಡದ ಹಿಂದೆ ಸೂರ್ಯ ಇನ್ನೂ ಮೇಲೇರುತ್ತಿದ್ದಾಗ, ಗೂಡಿನ ಮೇಲಿನ ಮರಳು ಒಂದು ಬೊಗಸೆಯಷ್ಟು ಕುಸಿಯಿತು. ಕುಳಿಯ ನಡುವಿನಿಂದ ಹೆಬ್ಬೆರಳ ತುದಿಯಷ್ಟು ಕಪ್ಪು ತಲೆಯೊಂದು ಮೇಲೆ ಬಂತು.

“ತಲೆ!” ಎಂದು ಆಕೆ ಪಿಸುಗುಟ್ಟಿದಳು. “ನೇರ ಇದೆ!”

ಆಮೇಲೆ ಎಣಿಸಲು ಬಿಡುವಿರಲಿಲ್ಲ. ಕುದಿಯುವ ಪಾತ್ರೆಯಂತೆ ಮರಳು ಉಕ್ಕಿ, ಒಂದರ ಮೇಲೊಂದು ಹತ್ತಿ, ಉರುಳಿ, ಪುಟ್ಟ ರೆಕ್ಕೆಗಾಲು ಬಡಿಯುತ್ತ ಅವು ಇಳಿಜಾರಿನಲ್ಲಿ ಕಡಲಿನತ್ತ ಹೊರಟವು. ಅಷ್ಟರಲ್ಲಿ ಊರಿನ ಹೆಂಗಸರೆಲ್ಲ ಎರಡೂ ಕಡೆ ಸಾಲಾಗಿ ನಿಂತಿದ್ದರು. ಖಲ್ಫಾನ್ ತನ್ನ ತಲೆಯ ರುಮಾಲು ಬಿಚ್ಚಿ ಕಾಗೆ, ಕಡಲಹಕ್ಕಿಗಳನ್ನು ಓಡಿಸುತ್ತ ಕುಣಿಯುತ್ತಿದ್ದ. ಯಾರೂ ಸದ್ದು ಮಾಡಲಿಲ್ಲ. ಅಷ್ಟು ದಿನಗಳ ಅಭ್ಯಾಸ. ಆದರೆ ಮಿಜ್ನಾಳ ಮುಖದಲ್ಲಿ ಏನೋ ಕಳವಳ. ನನ್ನ ತೋಳು ಹಿಡಿದು ಕೇಳಿದಳು:

“ಇವು ಅಳೋದೇ ಇಲ್ವೇನೇ?”

ಸೂಲಗಿತ್ತಿಯ ಕಿವಿ ಅದು. ಐವತ್ತು ವರ್ಷ ಮೊದಲ ಅಳುವಿಗಾಗಿ ಕಾದ ಕಿವಿಗೆ ಅದು ಕೇಳದೆ ಹೆರಿಗೆ ಮುಗಿಯದು. ಇಲ್ಲ ಹಬ್ಬೂ, ಇವಕ್ಕೆ ದನಿ ಇಲ್ಲ ಎಂದೆ. ಮೊದಲ ಮರಿಯನ್ನು ಅಲೆ ಎತ್ತಿಕೊಂಡಿತು, ಎರಡನೆಯದನ್ನು, ಹತ್ತನೆಯದನ್ನು. ಕೊನೆಯದೂ ನೊರೆಯಲ್ಲಿ ಮಾಯವಾಗುವವರೆಗೆ ಆಕೆ ಕಾದಳು.

“ಹಾಗಾದ್ರೆ ಅವುಗಳ ಪರವಾಗಿ ನಾವೇ ಕೂಗೋಣ,” ಎಂದಳು. ಬಾಯಿಗೆ ಅಂಗೈ ಅಡ್ಡ ಹಿಡಿದು, ನಾಲಗೆ ಹೊರಳಿಸಿ, ಗಂಡುಕೂಸು ಹೆಣ್ಣುಕೂಸು ಎಂಬ ಭೇದವಿಲ್ಲದೆ ತಾನು ಪ್ರತಿ ಮನೆಯ ಬಾಗಿಲಲ್ಲಿ ನಿಂತು ಹಾಕುತ್ತಿದ್ದ ಆ ಸಂಭ್ರಮದ ಉಲಿಯನ್ನು ಹಾಕಿದಳು. ಸಾಲಿನ ಹೆಂಗಸರೆಲ್ಲ ಅದನ್ನು ಎತ್ತಿಕೊಂಡರು. ದಡದ ಈ ತುದಿಯಿಂದ ಆ ತುದಿಗೆ ಅದು ಹರಿಯಿತು. ಊರಿಗೆಲ್ಲ ಮೌನ ಕಲಿಸಿದವಳೇ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದಳು. ನಾನು ಕೆಳಗೆ ನೋಡಿದೆ. ಬಿಳಿ ಕೋಟಿನ ಅಂಚಿನ ಕೆಳಗೆ, ಬಿರುಕುಬಿಟ್ಟ ಎರಡು ದೊಡ್ಡ ಹಿಮ್ಮಡಿಗಳು ಮರಳಿನಲ್ಲಿ ಪೂರ್ತಿಯಾಗಿ, ಗಟ್ಟಿಯಾಗಿ ಊರಿದ್ದವು. ಆಕೆ ಕುಣಿಯುತ್ತಿದ್ದಳು.

ಎಂಬತ್ತಮೂರು ಮರಿಗಳೆಂದು ಮುಹನ್ನಾ ಸಿಪ್ಪೆ ಎಣಿಸಿ ಹೇಳಿದ. ಉಳಿದ ಇಪ್ಪತ್ತೊಂದನ್ನು ಮಿಜ್ನಾ ತಾನೇ ಮರಳಿನಲ್ಲಿ ಮುಚ್ಚಿ, ಮೇಲೊಂದು ಕಲ್ಲಿಟ್ಟಳು. ಮರುದಿನ ಅವನು ತನ್ನ ಇಲಾಖೆಗೆ ಬರೆದ ವರದಿಯಲ್ಲಿ, ಗುರುತು ಹಾಕಲು ಬಳಸಿದ ಸಾಧನ ಎಂಬಲ್ಲಿ ‘ಕಾಡಿಗೆ’ ಎಂದು ಬರೆದ. ನಾನು ಕಪಾಟಿನ ಬೀಗ ತೆಗೆದು ಹನ್ನೊಂದು ಡಬ್ಬಿಗಳನ್ನೂ ಆಕೆಗೆ ಹಿಂದಿರುಗಿಸಿದೆ, ಮನುಷ್ಯರಿಗೆ ಮುಟ್ಟಿಸಕೂಡದೆಂಬ ಒಪ್ಪಂದದ ಮೇಲೆ. ಅವುಗಳನ್ನು ಜೇಬಿಗಿಳಿಸಿಕೊಂಡು, ಹಿಮ್ಮಡಿ ಎತ್ತಿಕೊಂಡು, ಆಕೆ ಸದ್ದಿಲ್ಲದೆ ಹೊರಟಳು. ಇನ್ನೊಂದು ದಿಬ್ಬದಲ್ಲಿ ಆರು ಬಾಣಂತಿಯರು ಮಲಗಿದ್ದರು.

ಇಂಥವರ ಕುಲವನ್ನು ನಾನು ನನ್ನ ವೃತ್ತಿಯಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಎಂಬಂತೆ ಕಂಡಿದ್ದೇನೆ. ಇವರು ಬರಮಾಡಿಕೊಂಡದ್ದು ಯಾವುದೂ ಇವರದಲ್ಲ. ಹುಟ್ಟಿದ್ದು ತಾಯಿಯ ಮಡಿಲಿಗೋ ಕಡಲಿನ ಮಡಿಲಿಗೋ ಹೋಗುತ್ತದೆ, ಹಿಂದಿರುಗಿ ಹೆಸರು ಹಿಡಿದು ಕರೆಯುವುದಿಲ್ಲ. ತಮ್ಮ ಕೈ ಬಲ್ಲ ಅತಿ ದೊಡ್ಡ ವಿದ್ಯೆಯೇ ಒಂದು ದಿನ ತಪ್ಪಾಗಬಹುದೆಂದು ತಿಳಿದ ಮೇಲೂ, ಆ ಕೈಯನ್ನು ಶಾಲಿನಿಂದ ಹೊರತೆಗೆದು ಮತ್ತೆ ಚಾಚುವ ಎದೆ ಇವರಿಗಿರುತ್ತದೆ. ಜಗತ್ತಿನ ಬಹುಪಾಲು ಕೂಸುಗಳು, ಮನುಷ್ಯರದೋ ಆಮೆಯದೋ, ಸುಖವಾಗಿ ನಿದ್ರಿಸುತ್ತಿರುವುದು ಇಂಥ ಕೆಲವರು ತಮ್ಮ ಪೂರ್ತಿ ಭಾರವನ್ನು ನೆಲದ ಮೇಲೆ ಬಿಡದೆ ನಡೆಯುತ್ತಿರುವುದರಿಂದ. ಅವರ ಹಿಮ್ಮಡಿ ನೆಲಕ್ಕೆ ತಾಗುವ ದಿನ ಊರೇ ಕುಣಿಯುತ್ತದೆ.